ಇನ್ನೊಂದು ಕಾಲುಚೀಲ

ಹಡಗನ್ನೇ ಕಾಣದ ನಾರಿನ್ ಊರಿನಲ್ಲಿ
ಹಡಗಿನಿಂದಿಳಿದ ಕಬ್ಬಿಣದ ಡಬ್ಬಿ ನನ್ನ ಅಂಗಡಿ.
ಬಾಗಿಲು ತೆರೆದರೆ ಚಳಿ ಮೊದಲ ಗಿರಾಕಿ.
ಇವತ್ತು ಅದರ ಬೆನ್ನಿಗೇ ಟೊಕ್ಟೊಸುನ್,
ಎರಡು ಕಂಕುಳಲ್ಲಿ ಎರಡು ಸ್ಪೀಕರು,
ಅವಳಿ ಕೂಸುಗಳನ್ನು ದವಾಖಾನೆಗೆ ತಂದ ಹಾಗೆ.

"ಬುರುಲ್ ತಂಗೀ, ಎರಡೂ ಮೂಗಾಗಿವೆ."
ಅವನೂ ಮುಕ್ಕಾಲು ಮೂಗನೇ.
ಮೂವತ್ತು ವರ್ಷ ಹಳ್ಳಿ ಹಳ್ಳಿ ಅಲೆದು
ಉಣ್ಣೆ ಕೊಳ್ಳುತ್ತೇನೆ, ತೊಗಲು ಕೊಳ್ಳುತ್ತೇನೆ,
ಸತ್ತ ಬ್ಯಾಟರಿ ಕೊಳ್ಳುತ್ತೇನೆ ಎಂದು ಕೂಗಿ ಕೂಗಿ
ಗಂಟಲು ಈಗ ತುಕ್ಕು ಹಿಡಿದ ತಿರುಪು.
ಹೊಸ ಕೂಗು ಹೆಂಡತಿ ಸೈಕಾಲಳದು.
ಫೋನಿನಲ್ಲಿ ಹಿಡಿದು ಪೆನ್‌ಡ್ರೈವಿಗೆ ತುಂಬಿ
ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಾನೆ, ತಾಯಿತದಂತೆ.

ಮೊದಲು ಚಿಕ್ಕದು, ಕೈಯಲ್ಲಿ ತೂಗಾಡಿಸುವಂಥದು, ಹೊಚ್ಚಹೊಸದು.
ಚುಚ್ಚಿದೆ. ಸದ್ದಿಲ್ಲ.
ತೆಗೆದು, ಊದಿ, ಮತ್ತೆ ಚುಚ್ಚಿದೆ.
ಊದಿದರೆ ಏನೂ ಆಗುವುದಿಲ್ಲ,
ಊದದಿದ್ದರೆ ಗಿರಾಕಿ ನಂಬುವುದಿಲ್ಲ.
ತಲೆಕೆಳಗು ಮಾಡಿ ಕನ್ನಡಕ ಏರಿಸಿ
ಅಡಿಯ ಇರುವೆ ಸಾಲಿನಂಥ ಅಕ್ಷರ ಓದಿದೆ.
"ಬೈಕೆ, ಇದು ಕೆಚ್ಚಲು, ಬಾಯಲ್ಲ.
ಫೋನಿಗೆ ಕರೆಂಟಿನ ಹಾಲು ಕೊಡುತ್ತದೆ ಅಷ್ಟೇ.
ಹಾಡು ಬೇಕಾದರೆ ಬ್ಲೂಟೂತು."
ಅವನು ಆ ತೂತನ್ನೇ ದಿಟ್ಟಿಸಿದ.
"ಅಂದರೆ ನಾಲ್ಕು ದಿನದಿಂದ
ಕೆಚ್ಚಲಿಗೆ ಹುಲ್ಲು ತಿನ್ನಿಸುತ್ತಿದ್ದೇನೆ ಅನ್ನು."

ದೊಡ್ಡದು ಮಗಳ ಮದುವೆಗೆ ತಂದ ಮನೆಯ ಸ್ಪೀಕರು.
ಮೊಣಕಾಲೆತ್ತರ, ಎದೆಯಲ್ಲಿ ನೀಲಿ ದೀಪದ ಬಳೆ.
ಇದಕ್ಕೆ ಬಾಯಿದೆ. ಪೆನ್‌ಡ್ರೈವ್ ಕಚ್ಚಿ
ಮೂರು ಸಲ ಕಣ್ಣು ಮಿಟುಕಿಸಿ
ಫೈಲ್ ಇಲ್ಲ ಅನ್ನುತ್ತದೆ,
ಬೆಣ್ಣೆ ಮೆತ್ತಿದ ಮೀಸೆಯಲ್ಲೇ ಬೆಣ್ಣೆ ಕಂಡಿಲ್ಲ ಎನ್ನುವ ಹಾಗೆ.

ಕಂಪ್ಯೂಟರಿಗೆ ಹಾಕಿದೆ. ಇದೆ. ಒಂದೇ ಒಂದು, ಸೈಕಾಲ್.
ಆದರೆ ಮನೆ ಕಟ್ಟಿದ ಮೇಸ್ತ್ರಿ ಬೇರೆ ಪಂಥದವನು.
ಈ ಪೆಟ್ಟಿಗೆಗೆ ಹಳೆಯ ಫ್ಯಾಟ್ ಮೂವತ್ತೆರಡರ ಬಾಗಿಲಷ್ಟೇ ಗೊತ್ತು.
"ಎಲ್ಲ ಅಳಿಸಿ ಹೊಸದಾಗಿ ಗೆರೆ ಹಾಕಬೇಕು."
ಟೊಕ್ಟೊಸುನ್ ಟೋಪಿ ತೆಗೆದ.
"ಅಳಿಸಿದರೆ, ಅವಳು?"
ಮೊದಲು ಈಚೆ ಎತ್ತಿಟ್ಟುಕೊಳ್ಳುತ್ತೇನೆ ಮಾರಾಯಾ,
ಒಲೆ ಸಾರಿಸುವಾಗ ಹಾಲಿನ ಪಾತ್ರೆ ಇಳಿಸುವುದಿಲ್ಲವೇ.

ಅಳಿಸಿದೆ, ಗೆರೆ ಹಾಕಿದೆ, ಮತ್ತೆ ತುಂಬಿದೆ.
ಮತ್ತೆ ಫೈಲ್ ಇಲ್ಲ.
ಆಮೇಲೆ ಹೊಳೆಯಿತು ಬಾಲದ ಮೂರಕ್ಷರ:
ಫೋನು ತನ್ನ ನುಡಿಯಲ್ಲಿ ಬರೆದುಕೊಂಡಿದೆ,
ಇದು ಎಂಪಿತ್ರೀ ಬಿಟ್ಟು ಬೇರೆ ಓದದ ಶಾಲೆ.
ಬದಲಾಯಿಸುವಾಗ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದೆ.

ಉಣ್ಣೆ ಕೊಳ್ಳುತ್ತೇವೆ, ಕುದುರೆ ತೊಗಲು ಕೊಳ್ಳುತ್ತೇವೆ.
ಹಿಂದೆ ಕೆಟಲಿನ ಸಿಳ್ಳೆ. ಬಾಗಿಲು.
ಒಂದು ಪುಟ್ಟ ದನಿ:
ಅಪಾ, ನನ್ನ ಇನ್ನೊಂದು ಕಾಲುಚೀಲ ಎಲ್ಲಿ?
ತಡಿಯೋ. ಸತ್ತ ಬ್ಯಾಟರಿ ಕೊಳ್ಳುತ್ತೇವೆ.

"ಮೊಮ್ಮಗ. ಅದನ್ನು ಕತ್ತರಿಸಲೇ?" ಅಂದೆ.
ಬೆರಳು ಕತ್ತರಿಯ ಮೇಲೇ ಇತ್ತು.
ಟೊಕ್ಟೊಸುನ್ ಬೀಡುಗಬ್ಬಿಣದ ಮುಖ ಮಾಡಿ
"ಕತ್ತರಿಗೂ ದುಡ್ಡೇ?" ಎಂದ.
"ಹೌದು, ಇಪ್ಪತ್ತು ಸೋಮ್."
"ಹಾಗಾದರೆ ಇರಲಿ."

ಕೂಗಿತು ಪೆಟ್ಟಿಗೆ. ಡಬ್ಬಿಯ ಗೋಡೆ ಝುಮ್ಮೆಂದು
ಗೂಟದ ತಂತಿಗಳೆಲ್ಲ ನಡುಗಿದವು.
ಮೂರನೆಯ ಸುತ್ತಿಗೆ, ಎದುರಿನ ಬೂಟು ಹೊಲಿಯುವ ಕನಿಕೆಯ್
ತಲೆ ಎತ್ತದೆ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ,
"ಒಲೆ ಹಿಂದೆ ನೋಡೋ" ಅಂದಳು.

ಮಂಜು ಕರಗಿದ ಮೇಲೆ ಬಂದ.
ಗಾಡಿಯಲ್ಲಿ ಉಣ್ಣೆ, ಏಳು ತೊಗಲು,
ಆಮ್ಲ ಸೋರುವ ಬ್ಯಾಟರಿ,
ಜೊತೆಗೊಂದು ಗೋಣಿಚೀಲ.
ನನ್ನ ಮೇಜಿನ ಮೇಲೆ ಸುರಿದ,
ಬೆಸುಗೆ ಕಡ್ಡಿ, ತಿರುಪುಗಳ ನಡುವೆ.
ಕಾಲುಚೀಲಗಳು. ಕೆಂಪು, ಕಂದು, ತೇಪೆ ಹಾಕಿದ್ದು,
ಬೆರಳುದ್ದದ್ದು, ಹಿಮ್ಮಡಿಯಿಲ್ಲದ್ದು.
ಪ್ರತಿ ಹಳ್ಳಿಯಲ್ಲೂ ಯಾರೋ ಒಬ್ಬರು ಓಡಿಬಂದು
ತಗೋ, ಹುಡುಗನಿಗೆ ಕೊಡು, ಎಂದು ತುರುಕಿದವು.

ಎಲ್ಲ ಒಂಟಿ.
"ಒಂದಕ್ಕಾದರೂ ಜೋಡಿಯಿಲ್ಲ," ಅಂದ ಆ ತುಕ್ಕಿನ ದನಿಯಲ್ಲಿ.
"ಇದನ್ನು ಯಾವ ತೂತಿಗೆ ಚುಚ್ಚಲಿ, ನೀನೇ ಹೇಳು."